ಒಂದು ಬೆರಳಷ್ಟು ದಾರ

ಜನವರಿ 9

ಅಪ್ಪಾ,

ಫೋನ್ ಮಾಡಿದರೆ ನೀನು "ಹ್ಞೂಂ" ಬಿಟ್ಟು ಇನ್ನೊಂದು ಮಾತಾಡುವುದಿಲ್ಲ. ಹಿಂದಿನಿಂದ ಅಮ್ಮ "ಏನಂತೆ, ಏನಂತೆ" ಅನ್ನುವುದಷ್ಟೇ ನನಗೆ ಕೇಳಿಸುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ನಿಂತಿದ್ದರೆ ಕೂತುಕೋ, ಕೈಯಲ್ಲಿ ಅಂಟಿನ ಕುಂಚ ಇದ್ದರೆ ಕೆಳಗಿಡು. ನಾನು ಆಯ್ಕೆಯಾಗಿದ್ದೇನೆ!

ಕಳೆದ ವರ್ಷ ಹೇಳಿದ್ದೆನಲ್ಲ, ಸಾಂಸ್ಕೃತಿಕ ವಿನಿಮಯ ಕಾರ್ಯಕ್ರಮ ಅಂತ, ಅದೇ. ಹನ್ನೊಂದು ದೇಶಗಳಿಂದ ಹನ್ನೊಂದು ಜನ ಬೈಂಡರ್‌ಗಳು ಸಮುದ್ರದಾಚೆಯ ಒಂದು ಹಳೇ ಗ್ರಂಥಾಲಯದಲ್ಲಿ ಆರು ತಿಂಗಳು ಒಟ್ಟಿಗೆ ಕೂತು ಪುಸ್ತಕ ರಿಪೇರಿ ಮಾಡಬೇಕು. ಒಬ್ಬರ ಹೊಲಿಗೆಯನ್ನು ಇನ್ನೊಬ್ಬರು ಕಲಿಯಬೇಕು. ಜೂನ್ ಮೂರಕ್ಕೆ ಶುರು. ಅವರು ಕಳಿಸಿದ ಫೋಟೋವನ್ನು ಬೆಳಗಿನಿಂದ ನೋಡುತ್ತಲೇ ಇದ್ದೇನೆ. ಒಂದೇ ಕೋಣೆ, ನಮ್ಮ ಬೀದಿಯಷ್ಟು ಉದ್ದ. ನೆಲದಿಂದ ಚಾವಣಿಯವರೆಗೆ ಪುಸ್ತಕ. ಕೆಲವನ್ನು ಹೊಲಿದು ನಾನೂರು ವರ್ಷವಾಯಿತಂತೆ. ಹೊಲಿದವರ ಹೆಸರು ಯಾರಿಗೂ ಗೊತ್ತಿಲ್ಲ, ಹೊಲಿಗೆ ಮಾತ್ರ ಇನ್ನೂ ಬಿಟ್ಟಿಲ್ಲ ಅಂತ ಬರೆದಿದ್ದಾರೆ. ಅದನ್ನು ಓದಿ ನನಗೆ ಮೈ ಜುಮ್ಮೆಂದಿತು.

ಇನ್ನು ಉಳಿದಿರುವುದು ವೀಸಾ. ಅರ್ಜಿಯೇ ಇಪ್ಪತ್ತೆರಡು ಪುಟ. ಹದಿನೇಳನೆಯ ಪ್ರಶ್ನೆಯಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ: "ನೀವು ಸ್ವದೇಶಕ್ಕೆ ಮರಳುವಿರಿ ಎಂಬುದಕ್ಕೆ ಆಧಾರವೇನು?" ಆಸ್ತಿ, ಗಂಡ, ಮಕ್ಕಳು, ಕಾಯಂ ನೌಕರಿ, ಇವುಗಳಲ್ಲಿ ಒಂದಕ್ಕಾದರೂ ಗುರುತು ಹಾಕಬೇಕು. ನನ್ನ ಹತ್ತಿರ ಒಂದೂ ಇಲ್ಲ. ಇಲ್ಲಿಯ ಗ್ರಂಥಾಲಯದ ರಿಪೇರಿ ಕೋಣೆಯ ಕೆಲಸ ಕೂಡ ವರ್ಷ ವರ್ಷದ ಗುತ್ತಿಗೆ. ಏನು ಬರೆಯಲಿ?

ಅಮ್ಮನಿಗೂ ಓದಿ ಹೇಳು. ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವವಳು, ಲಕೋಟೆಯನ್ನು ಬೆಳಕಿಗೆ ಹಿಡಿದು ಆಗಲೇ ಅರ್ಧ ಓದಿರುತ್ತಾಳೆ.

ಆ ಫೋಟೋವನ್ನು ಇನ್ನೂ ಕೆಳಗಿಡದ,
ಮಗಳು


ಜನವರಿ 17

ಮಗಳೇ,

ಪತ್ರ ಬಂದು ನಾಲ್ಕು ದಿನವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಏನು ಬರೆಯಬೇಕೋ ತೋಚದೆ ಎದ್ದು ಹೋಗಿ ಯಾವುದೋ ರಟ್ಟು ಕತ್ತರಿಸಿದೆ. ಈಗ ಅಂಗಡಿಯಲ್ಲಿ ಕತ್ತರಿಸಲು ರಟ್ಟು ಉಳಿದಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ಆಗಲಿ. ಹೋಗು.

ನಾನೂರು ವರ್ಷದ ಹೊಲಿಗೆ ಅಂದೆಯಲ್ಲ, ದಾರ ಯಾವುದು ಅಂತ ಬರೆಯಲಿಲ್ಲ. ನಾರೋ, ಹತ್ತಿಯೋ, ಮೇಣ ಹಚ್ಚಿದ್ದರೋ ಇಲ್ಲವೋ? ಹೋದ ಮೇಲಾದರೂ ಮುಟ್ಟಿ ನೋಡಿ ತಿಳಿಸು.

ಹದಿನೇಳನೆಯ ಪ್ರಶ್ನೆಗೆ ಆಧಾರ ಸಿಗುತ್ತದೆಯೇ ಎಂದು ಮನೆಯೆಲ್ಲ ಹುಡುಕಿದೆ. ಮನೆ ಬಾಡಿಗೆಯದು, ಅಂಗಡಿಯೂ ಬಾಡಿಗೆಯದು. ಪುಸ್ತಕ ಒತ್ತುವ ಪ್ರೆಸ್ಸು ನಿನ್ನ ಅಜ್ಜನದು. ನಿನ್ನದು ಅಂತ ಇಲ್ಲಿರುವುದು ಒಂದು ಸೂಜಿ ಡಬ್ಬಿ. ಅದನ್ನು ಬರೆದರೆ ವೀಸಾದವರು ಒಪ್ಪುತ್ತಾರೋ ಏನೋ, ಕೇಳಿ ನೋಡು.

ಶಾಲೆಯ ಹಾಜರಿ ಪುಸ್ತಕ ಈ ವರ್ಷವೂ ಬಂತು. ಹೋದ ಸಲ ಬಿಟ್ಟಿದ್ದ ದಾರದ ಬಾಲ ಹಾಗೇ ಇತ್ತು. ಅದನ್ನೇ ಹಿಡಿದು ಹೊಸ ಹಾಳೆ ಸೇರಿಸಿದೆ. ನೀನು ಏಳು ವರ್ಷದವಳಿದ್ದಾಗ ಆ ಬಾಲವನ್ನು ಚೊಕ್ಕಟ ಮಾಡುತ್ತೇನೆಂದು ಕತ್ತರಿಸಿ ಹಾಕಿ, ನನ್ನಿಂದ ಬೈಸಿಕೊಂಡು, ಪ್ರೆಸ್ಸಿನ ಕೆಳಗೆ ಹೋಗಿ ಕೂತಿದ್ದೆ. ನೆನಪಿದೆಯೇ? ಮುಗಿದ ಪುಸ್ತಕದ ದಾರವನ್ನು ಗಂಟಿನ ಬುಡಕ್ಕೆ ಕತ್ತರಿಸಬೇಕು, ತಿರುಗಿ ಅಂಗಡಿಗೆ ಬರಬೇಕಾದ ಪುಸ್ತಕಕ್ಕೆ ಒಂದು ಬೆರಳಷ್ಟು ಬಾಲ ಬಿಡಬೇಕು ಅಂತ ಅವತ್ತು ನಿನಗೆ ಹೇಳಿಕೊಟ್ಟೆ.

ವೀಸಾ ಸಂದರ್ಶನಕ್ಕೆ ಮುಂಚೆ ಹದಿನೈದು ದಿನ ಬಂದು ಇದ್ದು ಹೋಗು.

ಅಪ್ಪ

(ನಾನು ಬೆಳಕಿಗೆ ಹಿಡಿದು ಓದುವುದಿಲ್ಲ. ಅಂಟು ಸರಿಯಾಗಿ ಹಾಕದಿದ್ದರೆ ಅದೇ ತೆರೆದುಕೊಳ್ಳುತ್ತದೆ. ಇವರು ಕಡಲ ನಕ್ಷೆ ತರಿಸಿ ಗೋಡೆಗೆ ಅಂಟಿಸಿದ್ದಾರೆ. — ಅಮ್ಮ)


ಮಾರ್ಚ್ 14

ಅಪ್ಪನವರಿಗೆ,

ಇವತ್ತು ವೀಸಾ ಸಂದರ್ಶನವಿತ್ತು. ಗಾಜಿನಾಚೆ ಕೂತಿದ್ದ ಗುಮಾಸ್ತ ಎರಡು ಪ್ರಶ್ನೆ ಕೇಳಿ, ನಗುತ್ತಲೇ ನನ್ನ ಪಾಸ್‌ಪೋರ್ಟ್ ತೆರೆದ. ನಡುಹಾಳೆಯ ಮಡಿಕೆಯಿಂದ ಒಂದು ದಾರ ಹೊರಗೆ ಬಂದಿತ್ತು. ಅದನ್ನು ಎರಡು ಬೆರಳಲ್ಲಿ ಹಿಡಿದು ನೋಡಿದ. ನಗು ನಿಂತಿತು.

"ಇದನ್ನ ಯಾರು ಬಿಚ್ಚಿದ್ದು?" ಅಂದ.

ಯಾರೂ ಬಿಚ್ಚಿಲ್ಲ ಅಂದೆ. ಅವನು ಅದನ್ನು ಗಾಜಿಗೆ ಒತ್ತಿ ತೋರಿಸಿದ. ಮೇಣ ಹಚ್ಚಿದ ನಾರಿನ ದಾರ, ಸಮಸಮನಾದ ಹೊಲಿಗೆ, ನಮ್ಮ ಅಂಗಡಿಯ ಗಂಟು. ಹತ್ತು ಸಾವಿರ ಪುಸ್ತಕದ ನಡುವೆ ಇಟ್ಟರೂ ಗುರುತು ಹಿಡಿಯುತ್ತೇನೆ. "ನನ್ನ ಅಪ್ಪ" ಅಂದೆ. ಹಿಂದಿನ ಸಾಲಿನಲ್ಲಿದ್ದವರೆಲ್ಲ ನನ್ನನ್ನೇ ನೋಡಿದರು.

ರಟ್ಟಿನ ಒಳಬದಿಗೆ ಅಂಟಿಸಿದ ಹಾಳೆಯನ್ನು ಆವಿ ಹಿಡಿದು ಎಬ್ಬಿಸಿದ ಗುರುತು ಇದೆಯಂತೆ. ಕಳ್ಳ ಪಾಸ್‌ಪೋರ್ಟ್ ಮಾಡುವವರು ಹಾಳೆ ಬದಲಿಸುವುದು ಹೀಗೆಯೇ ಅಂತೆ. ಪಾಸ್‌ಪೋರ್ಟನ್ನು ಕಿತ್ತುಕೊಂಡು ದಾಖಲೆ ಪರೀಕ್ಷಿಸುವ ಕಚೇರಿಗೆ ಕಳಿಸಿದರು. ತಿದ್ದಿದ್ದು ಅಂತ ತೀರ್ಮಾನವಾದರೆ ಐದು ವರ್ಷ ನನಗೆ ಪಾಸ್‌ಪೋರ್ಟ್ ಇಲ್ಲ, ಮೇಲೆ ಮೊಕದ್ದಮೆ. ಸಮುದ್ರದಾಚೆಯ ಗ್ರಂಥಾಲಯದವರು ಮೇ ಕೊನೆಯವರೆಗೆ ಕಾಯುತ್ತಾರೆ. ಆಮೇಲೆ ಆ ಕುರ್ಚಿ ಬೇರೆಯವರಿಗೆ.

ನೀವು ಬಾಯಿಬಿಟ್ಟು "ಹೋಗಬೇಡ" ಅಂದಿದ್ದರೆ ಸಾಕಿತ್ತು. ಆ ಹದಿನೈದು ದಿನ ನೀವು ನನ್ನ ಜೊತೆ ಮಾತಾಡಿದ್ದೇ ಕಡಿಮೆ. ನಲವತ್ತು ವರ್ಷ ಸೂಜಿ ಹಿಡಿದವರಿಗೆ ಗೊತ್ತಿಲ್ಲದೆ ಬಾಲ ಉಳಿಯುತ್ತದೆಯೇ? ಅದೊಂದನ್ನು ಕತ್ತರಿಸಿದ್ದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಕಣ್ಣಿಗೆ ಬೀಳಲಿ ಅಂತಲೇ ಬಿಟ್ಟಿರಾ?

ನಿಮ್ಮ ಮಗಳು


ಮಾರ್ಚ್ 20

ಮಗಳೇ,

ನನ್ನನ್ನು ಮೊದಲ ಸಲ "ನೀವು" ಅಂದಿದ್ದೀಯ. ಬೈದಿದ್ದರೆ ಇಷ್ಟು ತಾಗುತ್ತಿರಲಿಲ್ಲ.

ನಡೆದದ್ದು ಇಷ್ಟು. ಮಾರ್ಚ್ ಎರಡರಂದು ನೀನು ಗೆಳತಿಯನ್ನು ನೋಡಲು ಹೋಗಿದ್ದೆ. ಪಾಸ್‌ಪೋರ್ಟ್ ಮೇಜಿನ ಮೇಲಿತ್ತು. ಮಗಳ ಫೋಟೋ ನೋಡೋಣ ಅಂತ ತೆರೆದೆ. ನಡುಹಾಳೆ ಆಡುತ್ತಿತ್ತು. ಯಂತ್ರದ ಹೊಲಿಗೆ, ಮೇಲ್ತುದಿಯಲ್ಲಿ ಸಡಿಲ ಬಿದ್ದಿತ್ತು. ಹರಿದ ಚಪ್ಪಲಿಯಲ್ಲಿ ನಿನ್ನನ್ನು ಬಸ್ಸು ಹತ್ತಿಸುತ್ತೇನೆಯೇ? ಬೈಂಡರನ ಮಗಳು, ಬೈಂಡರುಗಳ ನಡುವೆ ಕೂರಲು ಹೋಗುವವಳು, ಕೈಯಲ್ಲಿ ಹಿಡಿಯುವ ಮೊದಲ ಪುಸ್ತಕವೇ ಹಾಳೆ ಉದುರಿಸಿದರೆ ನನ್ನ ಮಾನ ಏನಾಗಬೇಕು? ಅಷ್ಟೇ ನನ್ನ ತಲೆಯಲ್ಲಿದ್ದದ್ದು. ಸರಕಾರದ ಪುಸ್ತಕ ಮುಟ್ಟಬಾರದು ಅನ್ನುವುದು ಹೊಳೆಯಲೇ ಇಲ್ಲ. ನನಗೆ ಅದು ಪುಸ್ತಕವಾಗಿ ಮಾತ್ರ ಕಂಡಿತು. ಒಂದು ತೂತು ಹೆಚ್ಚಿಲ್ಲ, ಹಳೆಯ ತೂತುಗಳಲ್ಲೇ ಹೊಲಿದೆ. ನಿನಗೆ ಹೇಳಿದರೆ ಬೇಡ ಅನ್ನುತ್ತೀಯ ಅಂತ ಹೇಳಲಿಲ್ಲ.

ಬಾಲ ಕೈಯ ಅಭ್ಯಾಸ. ಹಾಗೇ ಉಳಿದಿದೆ.

ಆ ಕಚೇರಿಗೆ ನಾನೇ ಬರೆದಿದ್ದೇನೆ. ಹೊಲಿದವನು ನಾನು, ನನ್ನನ್ನು ಕರೆಸಿ ಕೇಳಿ ಅಂತ. ಒಂದು ವಸ್ತು ನನ್ನ ಹತ್ತಿರ ಇದೆ. ಬಿಚ್ಚಿದ ಪುಸ್ತಕದ ಹಳೆಯ ದಾರವನ್ನು ಲಕೋಟೆಗೆ ಹಾಕಿ ಒಂದು ವರ್ಷ ಇಟ್ಟುಕೊಳ್ಳುವುದು ನಮ್ಮ ಅಂಗಡಿಯ ಪದ್ಧತಿಯಲ್ಲವೇ, ಪಾಸ್‌ಪೋರ್ಟಿನದೂ ಬಿಸ್ಕತ್ತಿನ ಡಬ್ಬಿಯಲ್ಲಿದೆ. ಅದರಿಂದ ಏನಾದರೂ ಉಪಯೋಗವಿದೆಯೋ ಗೊತ್ತಿಲ್ಲ.

ಅಪ್ಪ


ಏಪ್ರಿಲ್ 8

ಏನೇ ಮಗಳೇ,

ಅಪ್ಪನಿಗೆ ಗೊತ್ತಿಲ್ಲದೆ ಬರೆಯುತ್ತಿದ್ದೇನೆ. ಮೂರು ವಾರದಿಂದ ಈ ಮನುಷ್ಯ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ನನ್ನ ಕೌಂಟರಿಗೆ ಬಂದು ಎಲ್ಲರ ಜೊತೆ ಸಾಲಿನಲ್ಲಿ ನಿಲ್ಲುತ್ತಾರೆ. ಸರದಿ ಬಂದಾಗ "ಏನಾದ್ರೂ ಬಂತಾ?" ಅಂತಾರೆ. "ಇದ್ರೆ ಮನೆಗೆ ತರಲ್ವೇನ್ರೀ ನಾನು?" ಅಂದರೆ "ಇರ್ಲಿ, ನೋಡು" ಅಂತಾರೆ. ನಿನ್ನದು ಇಲ್ಲ. ಇವತ್ತು ಆ ಕಚೇರಿಯದು ಬಂತು. ಇಪ್ಪತ್ತೊಂದನೇ ತಾರೀಖು ಬರಬೇಕಂತೆ.

ಸಿಟ್ಟಿದ್ದರೆ ಇರಲಿ. ಸಿಟ್ಟನ್ನೇ ಬರೆದು ಕಳಿಸು, ಸ್ಟಾಂಪ್ ನಾನು ಕೊಡುತ್ತೇನೆ.

ಅಮ್ಮ


ಏಪ್ರಿಲ್ 22

ಮಗಳೇ,

ನಿನ್ನೆ ನಿನ್ನ ಊರಿಗೆ ಬಂದಿದ್ದೆ. ನೀನಿರುವ ಬೀದಿಗೂ ಬಂದೆ. ಕಿಟಕಿಯಲ್ಲಿ ನಿನ್ನ ಹಸಿರು ಚಾದರ ಒಣಗುತ್ತಿತ್ತು. ನೀನು ಕರೆದಿರಲಿಲ್ಲ, ಹಾಗಾಗಿ ಬಾಗಿಲು ತಟ್ಟದೆ ಕಚೇರಿಗೆ ಹೋದೆ.

ಅಲ್ಲಿ ಕಂಡದ್ದನ್ನು ಹೇಳದೆ ಇರಲಾರೆ. ನೀನು ಓದದಿದ್ದರೂ ಬರೆಯುತ್ತೇನೆ.

ಪರೀಕ್ಷೆ ಮಾಡುವವರು ಒಬ್ಬ ಹೆಂಗಸು, ನನಗಿಂತ ನಾಲ್ಕೈದು ವರ್ಷ ಚಿಕ್ಕವರಿರಬಹುದು. ಕೊರಳಲ್ಲಿ ಭೂತಗನ್ನಡಿ ತೂಗುಹಾಕಿಕೊಂಡಿದ್ದರು. ನನ್ನ ಕೈ ನೋಡಿ "ಪುಸ್ತಕದವರು ಅಂತ ಹೇಳೋದೇ ಬೇಡ, ಉಗುರಲ್ಲಿ ಅಂಟಿದೆ" ಅಂದರು. ಕುರ್ಚಿ ಕೊಟ್ಟರು. ಆಮೇಲೆ ಸ್ವಲ್ಪವೂ ಮುಲಾಜಿಲ್ಲದೆ ಹೇಳಿದರು: "ನೋಡಿ, ಹಾಳೆಗಳ ನಂಬರೆಲ್ಲ ಸರಿಯಾಗಿದೆ. ಆದ್ರೆ ಒಳಗಿನ ದಾರ ಸರಕಾರದ್ದಲ್ಲ. ಒಂದ್ಸಲ ಬಿಚ್ಚಿದ್ದಾರೋ, ನಾಲ್ಕು ಸಲ ಬಿಚ್ಚಿದ್ದಾರೋ, ಮಧ್ಯದಲ್ಲಿ ಏನೇನಾಯ್ತೋ, ನಾನು ಹೇಗೆ ನಂಬ್ಲಿ?"

ನಾನು ಲಕೋಟೆ ಕೊಟ್ಟೆ. ಮೇಲೆ ನಾನು ಬರೆದಿದ್ದನ್ನು ಅವರು ಗಟ್ಟಿಯಾಗಿ ಓದಿದರು: "ಮಗಳ ಪಾಸ್‌ಪೋರ್ಟ್. ಮಾರ್ಚ್ 2. ಹಳೆಯ ದಾರ, ಯಂತ್ರದ್ದು. ಕೆಟ್ಟ ಕೆಲಸ." ಕೊನೆಯ ಎರಡು ಪದಕ್ಕೆ ಅವರು ಹುಬ್ಬೇರಿಸಿದರು. ನಾನು ನೆಲ ನೋಡಿದೆ.

ಅವರು ಕಿಟಕಿಗೆ ಪರದೆ ಎಳೆದು ಒಂದು ನೇರಳೆ ದೀಪ ಹಾಕಿದರು. ಅಯ್ಯೋ ಮಗಳೇ! ಮೊದಲು ಪಾಸ್‌ಪೋರ್ಟನ್ನು ದೀಪದ ಕೆಳಗೆ ತೆರೆದರು. ಖಾಲಿ ಹಾಳೆ ಅಂತ ನಾನು ಅಂದುಕೊಂಡಿದ್ದರಲ್ಲಿ ಹಕ್ಕಿಗಳ ಹಿಂಡು ಎದ್ದು ಬಂತು. ಒಂದೊಂದು ಗರಿಯೂ ಉರಿಯುತ್ತಿತ್ತು. ಪುಟ ಮಗುಚಿದರೆ ನದಿ, ಇನ್ನೊಂದು ಮಗುಚಿದರೆ ನಕ್ಷತ್ರ. ಹಾಳೆಯ ಒಡಲಲ್ಲೇ ಕೂದಲೆಳೆಯಷ್ಟು ನಾರುಗಳು ಹಸಿರಾಗಿ, ಕೆಂಪಾಗಿ ಮಿನುಗುತ್ತಿದ್ದವು. ಇಷ್ಟೆಲ್ಲ ಇದ್ದ ಪುಸ್ತಕವನ್ನು ನಾನು ಮೇಜಿನ ಮೇಲೆ ಬೋರಲು ಹಾಕಿ, ಮಡಿಕೆ ಕೂರಿಸುವ ಎಲುಬಿನ ಪಟ್ಟಿಯಲ್ಲಿ ಉಜ್ಜಿ, ಏನೂ ಕಾಣದೆ ಹೊಲಿದಿದ್ದೆ. ನನ್ನ ದಾರ ಮಾತ್ರ ಆ ಬೆಳಕಿನ ನಡುವೆ ಕಪ್ಪಗೆ ಬಿದ್ದಿತ್ತು.

ಆಮೇಲೆ ಲಕೋಟೆಯ ದಾರವನ್ನು ಚಿಮಟದಲ್ಲಿ ಎತ್ತಿ ದೀಪದ ಕೆಳಗಿಟ್ಟರು. ಬೂದು ಬಣ್ಣದ ಯಃಕಶ್ಚಿತ್ ದಾರ, ನಾನು ಕೆಟ್ಟ ಕೆಲಸ ಅಂತ ಹೆಸರಿಟ್ಟಿದ್ದು. ಅದು ಮೂರು ಎಳೆಯಾಗಿ ಹೊತ್ತಿಕೊಂಡಿತು: ಒಂದು ನೀಲಿ, ಒಂದು ಹಳದಿ, ಒಂದು ಕೆಂಪು. ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಯಾರಿಗೂ ಕಾಣದ ಜಾಗದಲ್ಲಿ, ಯಾರೂ ನೋಡದ ಬಣ್ಣದಲ್ಲಿ, ಹೆಸರಿಲ್ಲದ ಯಾರೋ ಬೈಂಡರ್ ಇಷ್ಟು ಕೆಲಸ ಮಾಡಿಟ್ಟಿದ್ದಾನೆ. ನಲವತ್ತು ವರ್ಷದ ನನ್ನ ಜಂಬ ಅಲ್ಲೇ ಇಳಿಯಿತು. ಅವನಿಗೆ ಅಲ್ಲಿಂದಲೇ ಕೈಮುಗಿದೆ.

ನಾನು ದಾರ ಕತ್ತರಿಸಿ ತೆಗೆಯುವವನಲ್ಲ, ಸೂಜಿಯಲ್ಲಿ ಒಂದೊಂದೇ ಹೊಲಿಗೆ ಎಬ್ಬಿಸಿ ಇಡೀ ದಾರ ತೆಗೆಯುವವನು. ಅದು ನಿನ್ನನ್ನು ಉಳಿಸಿತು. ದಾರ ತನ್ನ ಮಡಿಕೆಗಳನ್ನು ಮರೆತಿರಲಿಲ್ಲ. ಅವರು ಭೂತಗನ್ನಡಿ ಹಿಡಿದು ಎಣಿಸಿದರು. ಮೂವತ್ತೊಂದು ತೂತು, ಮೂವತ್ತೊಂದು ಮಡಿಕೆ, ಒಂದಕ್ಕೊಂದು ತಾಳೆ. "ಒಂದೇ ಸಲ ಬಿಚ್ಚಿದ್ದು, ಒಂದೇ ಸಲ ಹೊಲಿದದ್ದು" ಅಂದರು. ನನ್ನ ಕಣ್ಣು ತುಂಬಿ ಬಂತು.

ಕಡೆಗೆ ಕೇಳಿದರು, "ಎಲ್ಲಾ ಇಷ್ಟು ಚೊಕ್ಕಟ ಮಾಡಿದ್ದೀರಿ, ಈ ಬಾಲ ಯಾಕೆ ಬಿಟ್ರಿ?"

ಕೈಯ ಅಭ್ಯಾಸ ಅಂತ ನಿನಗೆ ಬರೆದಿದ್ದೆ. ಅದು ಸುಳ್ಳು. ಅವರಿಗೆ ಹೇಳಿದ ನಿಜವನ್ನು ನಿನಗೂ ಹೇಳುತ್ತೇನೆ. ಅವತ್ತು ಕತ್ತರಿ ಕೈಗೆತ್ತಿಕೊಂಡಿದ್ದೆ. ದಾರಕ್ಕೂ ತಾಗಿಸಿದ್ದೆ. ಊರಿಗೆ ಬಂದಾಗಿನಿಂದ ನೀನು "ಹೋಗ್ತೀನಿ, ಹೋಗ್ತೀನಿ" ಅಂತ ಎಷ್ಟು ಸಲ ಅಂದೆಯೋ ಲೆಕ್ಕವಿಲ್ಲ. "ಹೋಗಿ ಬರ್ತೀನಿ" ಅಂತ ಒಂದು ಸಲವೂ ಅನ್ನಲಿಲ್ಲ. ಆ "ಬರ್ತೀನಿ"ಯನ್ನು ನಿನ್ನ ಬಾಯಿಂದ ಹೇಳಿಸುವ ಧೈರ್ಯ ನನಗಿರಲಿಲ್ಲ. ಅದಕ್ಕೇ ಕತ್ತರಿ ಕೆಳಗಿಟ್ಟೆ. ನಿನ್ನನ್ನು ತಡೆಯಲು ಅಲ್ಲ ಮಗಳೇ, ನಿನ್ನ ಅನುಮಾನ ತಪ್ಪು. ಆದರೆ ಪೂರ್ತಿ ತಪ್ಪೂ ಅಲ್ಲ.

ಅವರು ಭೂತಗನ್ನಡಿಯನ್ನು ಕೊರಳಿಗೆ ಬಿಟ್ಟು ಪೆನ್ನು ತೆಗೆದರು. "ಅಲ್ರೀ, ಇದನ್ನ ರಿಪೋರ್ಟಲ್ಲಿ ಏನಂತ ಬರೀಲಿ?" ಅಂದರು.

"ಇದ್ದದ್ದು ಇದ್ದ ಹಾಗೆ ಬರೀರಿ" ಅಂದೆ.

ಅಪ್ಪ


ಮೇ 7

ಅಪ್ಪಾ,

ನೀನು ಬೀದಿಯ ತನಕ ಬಂದು ತಿರುಗಿ ಹೋದದ್ದನ್ನು ಓದಿ ಜೋರಾಗಿ ಅತ್ತೆ. ಪಕ್ಕದ ಕೋಣೆಯವಳು ಬಾಗಿಲು ಬಡಿದು ಏನಾಯಿತೆಂದು ಕೇಳಿದಳು. ಅವತ್ತು ನಾನು ಒಳಗೇ ಇದ್ದೆ. ಇನ್ನು ಮೇಲೆ ನಾನು ಕರೆಯದಿದ್ದರೂ ಬಾಗಿಲು ತಟ್ಟು. "ನೀವು" ಅಂದದ್ದಕ್ಕೆ ನನ್ನ ಕಿವಿ ನೀನೇ ಹಿಂಡು.

ತೀರ್ಪು ಬಂತು. ತಪ್ಪು ಹೊರಿಸಿಲ್ಲ. ಆದರೆ ಬಿಚ್ಚಿದ ಪಾಸ್‌ಪೋರ್ಟ್ ಎಷ್ಟು ಚೆನ್ನಾಗಿ ಹೊಲಿದಿದ್ದರೂ ನಡೆಯುವುದಿಲ್ಲ, ನಿಯಮ ನಿಯಮವೇ. ಮೂಲೆ ಕತ್ತರಿಸಿ, ರದ್ದು ಅಂತ ಮುದ್ರೆ ಒತ್ತಿ ಹಿಂದೆ ಕೊಟ್ಟರು. ನಿನ್ನ ಹೊಲಿಗೆಯನ್ನು ಯಾರೂ ಮುಟ್ಟಿಲ್ಲ. ಹೊಸದು ಎರಡು ವಾರದಲ್ಲಿ ಊರಿನ ವಿಳಾಸಕ್ಕೆ ಬರುತ್ತದೆ.

ಅದು ಬರುವ ತನಕ ಕಾಯದೆ, ಅರ್ಜಿಯನ್ನು ಮತ್ತೆ ನೋಡಿ ಎಂದು ವೀಸಾ ಕಚೇರಿಗೆ ಹೋದೆ. ಅದೇ ಕಿಟಕಿ, ಅದೇ ಗುಮಾಸ್ತ. "ಹದಿನೇಳನೇದು ಖಾಲಿ ಬಿಟ್ಟಿದ್ದೀರಲ್ಲ? ತಿರುಗಿ ಬರ್ತೀರಿ ಅನ್ನೋದಕ್ಕೆ ಆಧಾರ?" ಅಂದ. ಪರೀಕ್ಷಕಿಯ ವರದಿಯ ಮೂರನೇ ಪುಟ ತೆರೆದು ಗಾಜಿನ ಕೆಳಗೆ ತಳ್ಳಿದೆ. ಅಲ್ಲಿ ಹೀಗಿದೆ: "ಹೊರಬಂದ ದಾರ, ಒಂದು ಬೆರಳುದ್ದ. ತಿರುಗಿ ಬರಬೇಕಾದ ಪುಸ್ತಕಕ್ಕೆ ಬೈಂಡರ್ ಬಿಡುವ ಗುರುತು. ಹೊಲಿದವರು ತಂದೆ. ಸಂಶಯಕ್ಕೆ ಎಡೆಯಿಲ್ಲ."

ಅವನು ಓದಿದ. ಇನ್ನೊಂದು ಸಲ ಓದಿದ. ಪಕ್ಕದ ಕಿಟಕಿಯವಳನ್ನು ಕರೆದು ತೋರಿಸಿದ. ಆಮೇಲೆ ತಾನೇ ಪೆನ್ನು ತೆಗೆದು ಹದಿನೇಳನೆಯ ಖಾಲಿ ಜಾಗದಲ್ಲಿ "ವರದಿ ನೋಡಿ" ಅಂತ ಬರೆದ. "ಹೊಸ ಪಾಸ್‌ಪೋರ್ಟ್ ತನ್ನಿ, ಅವತ್ತೇ ಮುದ್ರೆ ಹಾಕ್ತೀನಿ. ದಯವಿಟ್ಟು ಅದನ್ನ ನಿಮ್ಮಪ್ಪನ ಕೈಗೆ ಕೊಡಬೇಡಿ" ಅಂದ.

ನಿನ್ನ ಮಗಳು


ಮೇ 21

ಮಗಳೇ,

ಹೊಸ ಪಾಸ್‌ಪೋರ್ಟ್ ಬಂತು. ನಿನ್ನಮ್ಮ ಕೌಂಟರಿನಿಂದ ಎರಡೂ ಕೈಯಲ್ಲಿ ಹಿಡಿದು ತಂದಳು. ನನ್ನನ್ನು ಎರಡು ಮಾರು ದೂರ ನಿಲ್ಲಿಸಿ ಲಕೋಟೆ ಒಡೆದು, ಎಲ್ಲ ಸರಿಯಿದೆಯೇ ಅಂತ ತಾನೇ ಪುಟ ಮಗುಚಿ ನೋಡಿದಳು. ನಾನು ಬೆನ್ನ ಹಿಂದೆ ಕೈಕಟ್ಟಿಕೊಂಡು ನೋಡಿದೆ. ಕೆಳತುದಿಯ ಹೊಲಿಗೆ ಸ್ವಲ್ಪ ಸಡಿಲವಿದೆ. ಇರಲಿ. ಆ ದಾರ ಎಂಥದ್ದು ಅಂತ ಈಗ ನನಗೆ ಗೊತ್ತು.

ಇದಕ್ಕೆ ಬಾಲ ಇಲ್ಲ. ಅದಕ್ಕೇನೂ ಅರ್ಥ ಹಚ್ಚಬೇಡ.

ಅಮ್ಮ ಪಾಸ್‌ಪೋರ್ಟನ್ನು ನಾಳೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸುತ್ತಾಳೆ, ಜೊತೆಗೆ ನಿನ್ನ ಸೂಜಿ ಡಬ್ಬಿಯೂ ಇದೆ. ನಾರೋ ಹತ್ತಿಯೋ, ನೋಡಿ ಬರಿ.

ಅಪ್ಪ


ಜೂನ್ 12

ಅಪ್ಪಾ,

ನಾರು. ಮೇಣ ಹಚ್ಚಿದ್ದಾರೆ. ನಾನೂರು ವರ್ಷವಾದರೂ ಮೂಗಿನ ಹತ್ತಿರ ಹಿಡಿದರೆ ನಮ್ಮ ಅಂಗಡಿಯ ಡ್ರಾಯರಿನ ವಾಸನೆ ಬರುತ್ತದೆ. ಮೊದಲ ದಿನ ನಾವು ಹನ್ನೊಂದು ಜನವೂ ಆ ಉದ್ದನೆಯ ಕೋಣೆಯ ಬಾಗಿಲಲ್ಲೇ ನಿಂತುಬಿಟ್ಟೆವು. ಒಳಗೆ ಕಾಲಿಡಲು ಯಾರಿಗೂ ಧೈರ್ಯವಾಗಲಿಲ್ಲ. ಫೋಟೋದಲ್ಲಿ ಕಂಡದ್ದು ಏನೂ ಅಲ್ಲ. ಪುಸ್ತಕಗಳೆಲ್ಲ ನಮ್ಮನ್ನೇ ಕಾಯುತ್ತಿದ್ದವು ಅನ್ನಿಸಿತು.

ವಿಮಾನ ಇಳಿದಾಗ ತಪಾಸಣೆಯವನು ನನ್ನ ಪಾಸ್‌ಪೋರ್ಟನ್ನು ಅದೇ ನೇರಳೆ ದೀಪದ ಕೆಳಗೆ ಹಿಡಿದ. ನಾನು ಕತ್ತು ಚಾಚಿ ಇಣುಕಿದೆ. ನೀಲಿ, ಹಳದಿ, ಕೆಂಪು. ಸಾಲಿನಲ್ಲಿ ನಿಂತಲ್ಲೇ "ಅಯ್ಯೋ ಅಪ್ಪಾ" ಅಂದುಬಿಟ್ಟೆ. ಅವನು ಗಾಬರಿಯಾದ.

ಇಲ್ಲಿ ಪ್ರತಿಯೊಬ್ಬರೂ ತಮ್ಮ ಕಡೆಯ ಒಂದು ಹೊಲಿಗೆ ತೋರಿಸಬೇಕಿತ್ತು. ನಾನು ರದ್ದಾದ ಪಾಸ್‌ಪೋರ್ಟ್ ಮೇಜಿನ ಮೇಲಿಟ್ಟೆ. ಎಲ್ಲರೂ ನಕ್ಕರು. ಇಲ್ಲಿಯ ಹಿರಿಯ ಬೈಂಡರ್ ಅಜ್ಜ ನಗಲಿಲ್ಲ. ಅದನ್ನು ತೆರೆದು, ಹೊಲಿಗೆಯುದ್ದಕ್ಕೂ ಹೆಬ್ಬೆರಳು ಆಡಿಸಿ, ಬಾಲವನ್ನು ಎರಡು ಬೆರಳಲ್ಲಿ ಹಿಡಿದು ನನ್ನ ಮುಖ ನೋಡಿದ. ನನಗೆ ಅವನ ಭಾಷೆ ಇನ್ನೂ ಸರಿಯಾಗಿ ಬರುವುದಿಲ್ಲ. ಬಾಗಿಲ ಕಡೆ ಕೈ ತೋರಿಸಿದೆ, ಮತ್ತೆ ಆ ಕೈಯನ್ನು ನನ್ನ ಎದೆಯ ಹತ್ತಿರ ತಂದೆ. ಅವನಿಗೆ ತಿಳಿಯಿತು. ತನ್ನ ಬೆರಳನ್ನು ದಾರದ ಪಕ್ಕದಲ್ಲಿಟ್ಟು ಅಳೆದು, ತಲೆದೂಗಿದ.

ಆ ಹದಿನೈದು ದಿನ ನಾನು ಯಾಕೆ "ಬರ್ತೀನಿ" ಅನ್ನಲಿಲ್ಲ ಗೊತ್ತಾ? ನನಗೇ ಖಾತ್ರಿಯಿರಲಿಲ್ಲ, ಅಪ್ಪಾ. ಈ ಕೋಣೆಯ ಫೋಟೋ ನೋಡಿದಾಗಿನಿಂದ ಇಲ್ಲೇ ಉಳಿದುಬಿಡುವ ಆಸೆ ಒಳಗೊಳಗೇ ಇತ್ತು. ನೀನು ಅದನ್ನು ನನಗಿಂತ ಮೊದಲೇ ಓದಿದ್ದೆ. ಓದಿಯೂ ಹೊಲಿದು ಕಳಿಸಿದೆ.

ಈ ಪತ್ರದ ಹಾಳೆಗಳನ್ನು ನಡುವೆ ಮಡಿಸಿ ಹೊಲಿದಿದ್ದೇನೆ. ನನ್ನ ಸೂಜಿ ಡಬ್ಬಿಯ ಸೂಜಿ, ಇಲ್ಲಿಯ ದಾರ. ಅಮ್ಮ ಚೊಕ್ಕಟ ಮಾಡಲು ಹೋದರೆ ತಡೆ. ಬಾಲದ ಪಕ್ಕ ಬೆರಳಿಟ್ಟು ಅಳೆದು ನೋಡು.

ಹೋಗಿ ಬರ್ತೀನಿ.

ನಿನ್ನ ಮಗಳು